ಫುಲ್ ಸಸ್ಪೆನ್ಷನ್ ಸೈಕಲ್ಲಿನ ಕಿರುಗುಟ್ಟುವ ಸದ್ದು: ಮೂಲ ಪತ್ತೆ ಹಚ್ಚುವ ಬಗೆ

ಏರು ಹತ್ತುವಾಗ ಪೆಡಲಿನ ಮೇಲೆ ಭಾರ ಬಿದ್ದ ಕೂಡಲೇ ‘ಕಿರ್ಕ್’ ಅನ್ನುತ್ತದೆ. ಸದ್ದು ಕಾಲಬುಡದಿಂದಲೇ ಬಂದ ಹಾಗೆ ಕೇಳಿಸುತ್ತದೆ. ಹಾಗಾಗಿ ಹೆಚ್ಚಿನವರು ಮೊದಲು ಕೈ ಹಾಕುವುದು ಬಾಟಮ್ ಬ್ರಾಕೆಟ್ಟಿಗೆ, ಅಂದರೆ ಕ್ರ್ಯಾಂಕು (ಪೆಡಲಿನ ತೋಳು) ತಿರುಗುವ ಬೇರಿಂಗಿನ ಜಾಗಕ್ಕೆ. ಹೊಸದು ಹಾಕಿಸುತ್ತಾರೆ, ಒಂದೆರಡು ಸವಾರಿ ಸುಮ್ಮನಿದ್ದ ಹಾಗಿರುತ್ತದೆ, ಆಮೇಲೆ ಮತ್ತೆ ಅದೇ ‘ಕಿರ್ಕ್’. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ.

ಫುಲ್ ಸಸ್ಪೆನ್ಷನ್ ಸೈಕಲ್ಲಿನಲ್ಲಿ, ಅಂದರೆ ಮುಂದೆ ಹಿಂದೆ ಎರಡೂ ಕಡೆ ಕುಗ್ಗಿ ಹಿಗ್ಗುವ ಸೈಕಲ್ಲಿನಲ್ಲಿ, ಈ ಗೊಂದಲಕ್ಕೆ ಕಾರಣವಿದೆ. ಹಾರ್ಡ್‌ಟೇಲಿನ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್ಲಿನ) ಫ್ರೇಮು ಒಂದೇ ತುಂಡು. ಇಲ್ಲಿ ನಾಲ್ಕು ಕೊಂಡಿಯ ಲಿಂಕೇಜ್ (ಹಿಂದಿನ ಚಕ್ರವನ್ನು ಫ್ರೇಮಿಗೆ ಸೇರಿಸುವ ಕೊಂಡಿಗಳ ಜೋಡಣೆ) ಇದ್ದರೆ ನಾಲ್ಕು ಕಡೆ ಪಿವಟ್ಟು, ಅಂದರೆ ತಿರುಗುವ ಕೀಲು, ಸಾಮಾನ್ಯವಾಗಿ ಪ್ರತಿ ಪಿವಟ್ಟಿಗೂ ಎಡಕ್ಕೊಂದು ಬಲಕ್ಕೊಂದು ಬೇರಿಂಗು, ಅದರ ಮೇಲೆ ಶಾಕಿನ (ಹಿಂದಿನ ಪೆಟ್ಟು ತಡೆಯುವ ಸಾಧನದ) ಎರಡು ತುದಿ. ಟೊಳ್ಳಾದ ಅಲ್ಯೂಮಿನಿಯಂ ಅಥವಾ ಕಾರ್ಬನ್ ಕೊಳವೆಗಳು ಸದ್ದನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಲೀಸಾಗಿ ಸಾಗಿಸುತ್ತವೆ. ಹಿಂದಿನ ಆಕ್ಸಲ್ಲಿನ ಕಿರುಗು ಕ್ರ್ಯಾಂಕಿನ ಹತ್ತಿರ ಕೇಳಿಸುತ್ತದೆ, ಸೀಟಿನದ್ದು ಮೇನ್ ಪಿವಟ್ಟಿನಲ್ಲಿ. ಸದ್ದು ಎಲ್ಲಿ ಕೇಳಿಸಿತು ಅನ್ನುವುದಕ್ಕಿಂತ ಯಾವಾಗ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಅನ್ನುವುದು ಹೆಚ್ಚು ಉಪಯೋಗಕ್ಕೆ ಬರುವ ಸುಳಿವು.

ಸ್ಪ್ಯಾನರ್ ಹಿಡಿಯುವ ಮೊದಲು

ಸವಾರಿ ಮಾಡುತ್ತಲೇ ಅರ್ಧ ಪತ್ತೇದಾರಿ ಮುಗಿಸಬಹುದು. ಸದ್ದು ಬರುವ ಏರಿನಲ್ಲೇ ಸೀಟಿನಿಂದ ಎದ್ದು ನಿಂತು ಪೆಡಲು ತುಳಿಯಿರಿ. ಸದ್ದು ನಿಂತಿತೇ? ಹಾಗಾದರೆ ಸೀಟು, ಸೀಟಿನ ಹಳಿ, ಹಳಿ ಹಿಡಿದಿರುವ ಕ್ಲ್ಯಾಂಪು, ಸೀಟ್‌ಪೋಸ್ಟು ಇವುಗಳಲ್ಲೇ ಒಂದು. ನಿಂತರೂ ಕುಂತರೂ ಬರುತ್ತಿದ್ದರೆ ಅವನ್ನು ಸದ್ಯಕ್ಕೆ ಬಿಡಿ. ಮುಂದೆ, ಪೆಡಲು ತುಳಿಯದೆ ಇಳಿಜಾರಿನಲ್ಲಿ ಬಿಟ್ಟು ನೋಡಿ. ಕ್ರ್ಯಾಂಕ್ ಅಡ್ಡಡ್ಡ ಇಟ್ಟು, ಮಂಡಿ ಬಗ್ಗಿಸಿ, ಮೈಭಾರ ಹಾಕಿ ಸಸ್ಪೆನ್ಷನ್ನನ್ನು ಮೇಲೆ ಕೆಳಗೆ ಕುಣಿಸಿ. ಆಗ ಮಾತ್ರ ಸದ್ದು ಬಂದರೆ ಲಿಂಕೇಜು, ಶಾಕು ಅಥವಾ ಮುಂದಿನ ಫೋರ್ಕು. ಪೆಡಲು ಒತ್ತಿದಾಗ ಮಾತ್ರ ಬಂದರೆ ಪೆಡಲಿನಿಂದ ಹಿಂದಿನ ಹಬ್ಬಿನವರೆಗೆ ಚೈನು ಎಳೆಯುವ ಯಾವುದಾದರೂ ಕೀಲು. ಒಂದು ತೊಡಕಿದೆ: ಜೋರಾಗಿ ಪೆಡಲು ಒತ್ತಿದಾಗ ಚೈನಿನ ಎಳೆತಕ್ಕೆ ಲಿಂಕೇಜೂ ಮಿಸುಕುತ್ತದೆ. ಅದಕ್ಕಾಗಿಯೇ ಪೆಡಲಿಲ್ಲದೆ ಕುಣಿಸಿ ನೋಡುವ ಪರೀಕ್ಷೆ ಬೇಕಾಗುವುದು.

ನಂತರ ತಾಳ. ಇದನ್ನು ಲಕ್ಷ್ಯಕೊಟ್ಟು ಎಣಿಸುವವರು ಕಡಿಮೆ, ಆದರೆ ಇಷ್ಟು ಖರ್ಚಿಲ್ಲದ ಉಪಕರಣ ಇನ್ನೊಂದಿಲ್ಲ. ಬಲಗಾಲು ಕೆಳಗೆ ಹೋದಾಗಲೆಲ್ಲ ಒಂದು ಸಲ ಬಂದರೆ ಸದ್ದು ಕ್ರ್ಯಾಂಕಿನ ಸುತ್ತಿಗೆ ಅಂಟಿಕೊಂಡಿದೆ: ಬಲ ಪೆಡಲು, ಬಲ ಕ್ರ್ಯಾಂಕು, ಚೈನ್‌ರಿಂಗಿನ ಬೋಲ್ಟು. ಮುಂದೆ 32 ಹಲ್ಲು, ಹಿಂದೆ 16 ಹಲ್ಲಿನ ಗೇರಿನಲ್ಲಿದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಚಕ್ರ ಎರಡು ಸುತ್ತು ಬರುತ್ತದೆ. ಸದ್ದೂ ಎರಡು ಸಲ ಬಂದರೆ ಚಕ್ರ, ಕಡ್ಡಿ, ಡಿಸ್ಕ್ ರೋಟರಿನ ಕಡೆ ನೋಡಬೇಕು. ಹಿಂದೆಯೂ 32 ಹಲ್ಲಿನ ಗೇರಿನಲ್ಲಿದ್ದರೆ ಕ್ರ್ಯಾಂಕು, ಚಕ್ರ ಎರಡೂ ಒಂದೇ ಲೆಕ್ಕದಲ್ಲಿ ತಿರುಗುವುದರಿಂದ ಏನೂ ಗೊತ್ತಾಗುವುದಿಲ್ಲ. ಒಂದೆರಡು ಗೇರು ಬದಲಿಸಿ, ತಾಳ ಯಾರ ಜೊತೆ ಉಳಿಯಿತು ನೋಡಿ. ಇನ್ನೊಂದು ವಿಚಿತ್ರ ತಾಳವಿದೆ. ಪೆಡಲಿಗೂ ಹೊಂದದು, ಚಕ್ರಕ್ಕೂ ಹೊಂದದು, ಆದರೆ ತಪ್ಪದೆ ಬರುತ್ತದೆ. ಅದು ಚೈನು. 118 ಕೊಂಡಿಯ ಚೈನು 32 ಹಲ್ಲಿನ ರಿಂಗಿನ ಮೇಲೆ ಓಡುವಾಗ ಒಂದು ಕೊಂಡಿ ಅದೇ ಜಾಗಕ್ಕೆ ಮರಳಲು ಪೆಡಲು ಸುಮಾರು ಮೂರೂಮುಕ್ಕಾಲು ಸುತ್ತು ಬರಬೇಕು. ಅಷ್ಟು ಹೊತ್ತಿಗೊಮ್ಮೆ ‘ಟಿಕ್’ ಅಂದರೆ ಎಲ್ಲೋ ಒಂದು ಕೊಂಡಿ ಬಿಗಿದಿದೆ. ಚೈನನ್ನು ಹಿಮ್ಮುಖವಾಗಿ ನಿಧಾನ ತಿರುಗಿಸಿದರೆ ಡಿರೇಲರಿನ (ಹಿಂದೆ ಗೇರು ಬದಲಿಸುವ ಸಾಧನದ) ಪುಟ್ಟ ಗಾಲಿ ದಾಟುವಾಗ ಆ ಕೊಂಡಿ ಮಡಚದೆ ಜಿಗಿಯುವುದು ಕಣ್ಣಿಗೇ ಕಾಣುತ್ತದೆ.

ಸದ್ದಿನ ಜಾತಿಯೂ ಒಂದಿಷ್ಟು ಹೇಳುತ್ತದೆ. ಉದ್ದಕ್ಕೆ ಎಳೆದ ‘ಕಿರ್ರ್’ ಅಂದರೆ ಒಣಗಿದ ಎರಡು ಮೈಗಳು ಉಜ್ಜುತ್ತಿವೆ. ಒಂದೇ ಪೆಟ್ಟಿನ ‘ಟಕ್’ ಅಂದರೆ ಎಲ್ಲೋ ಸಡಿಲವಿದೆ, ಭಾರ ದಿಕ್ಕು ಬದಲಿಸಿದಾಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುತ್ತಿದೆ. ‘ಗಡಗಡ’ ಬಹುಮಟ್ಟಿಗೆ ಫ್ರೇಮಿನೊಳಗೆ ಓಡಾಡುವ ಕೇಬಲ್ಲು, ಇಲ್ಲವೇ ಡಿರೇಲರಿನ ಕ್ಲಚ್ಚು (ಚೈನು ಕುಣಿಯದಂತೆ ಹಿಡಿಯುವ ಭಾಗ) ಆಫ್ ಆಗಿ ಚೈನು ಚೈನ್‌ಸ್ಟೇಗೆ (ಚೈನಿನ ಪಕ್ಕದ ಫ್ರೇಮಿನ ಕೊಳವೆಗೆ) ಹೊಡೆಯುತ್ತಿರುವುದು. ಚಕ್ರ ಬಿಚ್ಚುವಾಗ ಕ್ಲಚ್ಚಿನ ಲಿವರ್ ಆಫ್ ಮಾಡಿ ಮರೆಯುವವರು ತುಂಬ. ಇದನ್ನು ಮೊದಲೇ ನೋಡಿಬಿಡಿ, ಬರೀ ಬೆರಳಿನ ಕೆಲಸ.

ಮೊದಲು ತೊಳೆಯಿರಿ, ಆಮೇಲೆ ಸುಲಭದ್ದರಿಂದ ಶುರು

ಕೆಸರು ಮೆತ್ತಿದ ಸೈಕಲ್ಲನ್ನು ಪರೀಕ್ಷಿಸುವುದು ವ್ಯರ್ಥ. ಬಕೆಟ್ಟು, ಬ್ರಷ್ಷು, ಮೆಲ್ಲಗೆ ಹರಿಯುವ ನೀರು ಸಾಕು. ಒತ್ತಡದ ನೀರನ್ನು ಪಿವಟ್ಟಿಗೆ, ಹಬ್ಬಿಗೆ, ಹೆಡ್‌ಸೆಟ್ಟಿಗೆ (ಹ್ಯಾಂಡಲ್ಲು ತಿರುಗುವ ಬೇರಿಂಗಿಗೆ) ನೇರ ಹಿಡಿದರೆ ಬೇರಿಂಗಿನ ಸೀಲು ದಾಟಿ ಒಳಗೆ ಹೋಗಿ ಗ್ರೀಸು ಕೆಡಿಸುತ್ತದೆ. ಇವತ್ತು ಹುಡುಕುತ್ತಿರುವ ಸದ್ದಿನ ಬೀಜವನ್ನು ಎಷ್ಟೋ ಸಲ ಹೀಗೇ ನೆಟ್ಟಿರುತ್ತೇವೆ.

ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಒಂದು ಸಲಕ್ಕೆ ಒಂದೇ ಕೀಲಿಗೆ ಕೈ ಹಾಕಿ, ಸವಾರಿ ಮಾಡಿ ನೋಡಿ, ಆಮೇಲೆ ಇನ್ನೊಂದು. ಎಲ್ಲ ಬೋಲ್ಟನ್ನೂ ಒಟ್ಟಿಗೆ ಬಿಗಿದರೆ ಸದ್ದು ಹೋಗಬಹುದು. ಯಾವುದರಿಂದ ಹೋಯಿತು ಅಂತ ಗೊತ್ತಾಗದ ಕಾರಣ ಮುಂದಿನ ತಿಂಗಳು ಅದೇ ಸದ್ದು ಬಂದಾಗ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಪೆಡಲು ಎರಡೂ ಬಿಚ್ಚಿ, ಮರೆ (ಸ್ಕ್ರೂ ಥ್ರೆಡ್) ಒರೆಸಿ, ಗ್ರೀಸು ಹಚ್ಚಿ, 35ರಿಂದ 40 ನ್ಯೂಟನ್ ಮೀಟರಿಗೆ ಬಿಗಿಯಿರಿ. ಎಡ ಪೆಡಲಿನ ಮರೆ ಉಲ್ಟಾ ಅನ್ನುವುದು ನೆನಪಿರಲಿ. ಐದು ನಿಮಿಷದ ಕೆಲಸ. ಬಾಟಮ್ ಬ್ರಾಕೆಟ್ಟಿನದ್ದು ಅಂತ ದೂರು ಬರುವ ಸದ್ದಿನಲ್ಲಿ ಒಂದು ಪಾಲು ಇಲ್ಲೇ ಮುಗಿಯುತ್ತದೆ.

ಕುಂತಾಗ ಮಾತ್ರ ಬರುವ ಸದ್ದಾದರೆ ಸೀಟ್‌ಪೋಸ್ಟನ್ನು ಹೊರಗೆಳೆಯಿರಿ. ಡ್ರಾಪರ್ ಪೋಸ್ಟ್ (ಲಿವರ್ ಒತ್ತಿ ಸೀಟಿನ ಎತ್ತರ ಬದಲಿಸುವ ಪೋಸ್ಟು) ಆದರೆ ಕೆಳಗಿನ ಕೇಬಲ್ಲು ಎಳೆದು ತುಂಡಾಗದ ಹಾಗೆ ಲಿವರಿನ ಕಡೆಯಿಂದ ಕೇಬಲ್ಲನ್ನು ಒಳಗೆ ತಳ್ಳಿಕೊಡುತ್ತ ಹೋಗಬೇಕು. ಸೀಟ್ ಟ್ಯೂಬಿನ ಒಳಮೈಯಲ್ಲಿ ಮಣ್ಣಿನ ಉಂಗುರ ಕೂತಿರುತ್ತದೆ, ಒರೆಸಿ. ಅಲ್ಯೂಮಿನಿಯಂ ಫ್ರೇಮಿಗೆ ಅಲ್ಯೂಮಿನಿಯಂ ಪೋಸ್ಟಾದರೆ ತೆಳ್ಳಗೆ ಗ್ರೀಸು. ಎರಡರಲ್ಲಿ ಒಂದು ಕಾರ್ಬನ್ ಆದರೂ ಗ್ರೀಸಲ್ಲ, ಮರಳಿನಂಥ ಕಣ ಇರುವ ಕಾರ್ಬನ್ ಪೇಸ್ಟು. ಡ್ರಾಪರ್ ಪೋಸ್ಟಿನ ತಲೆ ಪಕ್ಕಕ್ಕೆ ಕೂದಲೆಳೆಯಷ್ಟು ತಿರುಗುವುದು ಹೊಸದರಲ್ಲೂ ಇರುತ್ತದೆ, ಅದು ದೋಷವಲ್ಲ. ಸೀಟಿನ ಹಳಿ ಹಿಡಿಯುವ ಕ್ಲ್ಯಾಂಪನ್ನು ಪೂರ್ತಿ ಬಿಚ್ಚಿ ಒರೆಸಿ. ಹಳಿಗೂ ಕ್ಲ್ಯಾಂಪಿಗೂ ನಡುವೆ ಸಿಕ್ಕ ಒಂದೇ ಒಂದು ಮರಳಿನ ಕಾಳು ಇಡೀ ಫ್ರೇಮು ಮುರಿದ ಹಾಗೆ ಸದ್ದು ಮಾಡಬಲ್ಲದು.

ಇನ್ನು ಹಿಂದಿನ ಆಕ್ಸಲ್ಲು ಮತ್ತು ಡಿರೇಲರನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರು. ನನ್ನನ್ನು ಕೇಳಿದರೆ ಬಾಟಮ್ ಬ್ರಾಕೆಟ್ಟಿಗಿಂತ ಮೊದಲು ಅನುಮಾನಿಸಬೇಕಾದ ಜಾಗ ಇದು. ಪೆಡಲಿಗೆ ಬಿದ್ದ ಭಾರ ಚೈನಿನ ಮೂಲಕ ನೇರವಾಗಿ ಬಂದು ಒತ್ತುವುದು ಇಲ್ಲಿಯೇ. ಆಕ್ಸಲ್ಲನ್ನು ಹೊರಗೆ ತೆಗೆದು ನೋಡಿ: ಮರೆಯ ಮೇಲೆ ಕಪ್ಪು ಹೊಳಪಿನ ಪುಡಿ ಮೆತ್ತಿದ್ದರೆ ಅಲ್ಲಿ ಲೋಹ ಲೋಹಕ್ಕೆ ಉಜ್ಜಿದೆ. ಒರೆಸಿ, ಮರೆಗೂ ಫ್ರೇಮಿಗೆ ತಾಗುವ ತಲೆಗೂ ಗ್ರೀಸು ಹಚ್ಚಿ, ಆಕ್ಸಲ್ಲಿನ ಮೇಲೇ ಅಚ್ಚಾಗಿರುವ ಅಂಕಿಗೆ ಬಿಗಿಯಿರಿ. ಸಾಮಾನ್ಯವಾಗಿ 10ರಿಂದ 15 ನ್ಯೂಟನ್ ಮೀಟರ್ ಇರುತ್ತದೆ. ಹ್ಯಾಂಗರನ್ನೂ ಬಿಚ್ಚಿ, ಫ್ರೇಮಿಗೆ ಕೂರುವ ಹಿಂಬದಿಯನ್ನು ಒರೆಸಿ ಗ್ರೀಸಿನ ತೆಳು ಪದರ ಕೊಡಿ. ಎಸ್‌ಆರ್‌ಎಎಂ ಕಂಪನಿಯ ಯುಡಿಎಚ್ ಮಾದರಿಯ ಹ್ಯಾಂಗರಾದರೆ ಅದರ ಬೋಲ್ಟು ಎಡಮರೆ, ಬಿಗಿ 25 ನ್ಯೂಟನ್ ಮೀಟರ್. ಎಡಮರೆ ಅಂತ ತಿಳಿಯದೆ ಬಿಚ್ಚಲು ಹೋಗಿ ಇನ್ನಷ್ಟು ಬಿಗಿದು, ಬೋಲ್ಟಿನ ತಲೆ ಸವೆಸಿಕೊಳ್ಳುವುದುಂಟು.

ಇಷ್ಟಾದ ಮೇಲೆ ಚೈನ್‌ರಿಂಗು, ಕ್ರ್ಯಾಂಕು. ಶಿಮಾನೋ ಹಾಲೋಟೆಕ್ ಕ್ರ್ಯಾಂಕಿನ ಎಡತೋಳಿನ ಎರಡು ಬೋಲ್ಟಿಗೆ 12ರಿಂದ 14, ಎಸ್‌ಆರ್‌ಎಎಂ ಡಬ್ ಕ್ರ್ಯಾಂಕಿಗೆ 54 ನ್ಯೂಟನ್ ಮೀಟರ್. ಬಾಟಮ್ ಬ್ರಾಕೆಟ್ಟಿನ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ. ಕ್ರ್ಯಾಂಕು ತೆಗೆದು ಬೇರಿಂಗಿಗೆ ಬೆರಳು ತೂರಿಸಿ ತಿರುಗಿಸಿ. ಮರಳು ತುಳಿದ ಹಾಗೆ ಅನ್ನಿಸಿದರೆ, ತಡೆತಡೆದು ತಿರುಗಿದರೆ ಬದಲಿಸಿ. ನುಣ್ಣಗೆ ತಿರುಗಿದರೆ ಬೇರಿಂಗಿನದ್ದಲ್ಲ ತಪ್ಪು. ಫ್ರೇಮಿಗೂ ಬೇರಿಂಗು ಕೂರುವ ಕಪ್ಪಿಗೂ ನಡುವೆ ಒಣಗಿರಬಹುದು, ಮರೆಯಿರುವ ಜಾತಿಯಾದರೆ ಬಿಚ್ಚಿ ಗ್ರೀಸು ಹಚ್ಚಿ ಕೂರಿಸಿದರೆ ಆಯಿತು.

ಲಿಂಕೇಜ್ ಪರೀಕ್ಷೆ

ಕುಣಿಸಿದಾಗ ಬರುವ ಸದ್ದಿಗೆ ಇಲ್ಲಿಂದ ದಾರಿ. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲ ಬಿಡದಷ್ಟು ಮಾತ್ರ ಫ್ರೇಮನ್ನು ಮೆಲ್ಲಗೆ ಮೇಲಕ್ಕೆತ್ತಿ, ಮತ್ತೆ ಬಿಡಿ. ಸಣ್ಣ ‘ಟಕ್’ ಸಿಕ್ಕರೆ ಎಲ್ಲೋ ಅಲುಗಾಟವಿದೆ. ಸೀಟು ಹಿಡಿದು ಎತ್ತಬೇಡಿ. ಡ್ರಾಪರ್ ಪೋಸ್ಟಿನ ಒಳಗಿನ ಸಡಿಲವೇ ಕೈಗೆ ಸಿಕ್ಕು ದಾರಿ ತಪ್ಪಿಸುತ್ತದೆ. ಈಗ ಜೊತೆಗೊಬ್ಬರು ಬೇಕು. ಅವರು ಎತ್ತಿ ಬಿಡುತ್ತಿರಲಿ, ನೀವು ಶಾಕಿನ ಮೇಲಿನ ಕಣ್ಣು ಮತ್ತು ಅದು ಕೂತಿರುವ ಫ್ರೇಮಿನ ಕಿವಿ ಎರಡಕ್ಕೂ ತಾಗುವ ಹಾಗೆ ಬೆರಳಿಡಿ. ಆಮೇಲೆ ಕೆಳಗಿನ ಕಣ್ಣು, ರಾಕರ್ ಲಿಂಕು, ಮೇನ್ ಪಿವಟ್ಟು, ಚೈನ್‌ಸ್ಟೇ ಕೊನೆಯ ಪಿವಟ್ಟು. ಕಿವಿಗೆ ತಪ್ಪಿಸಿಕೊಂಡದ್ದು ಬೆರಳಿಗೆ ಸಿಗುತ್ತದೆ: ಸಡಿಲವಿರುವ ಕೀಲಿನಲ್ಲಿ ಎರಡು ಭಾಗಗಳು ಬೇರೆಬೇರೆಯಾಗಿ ಮಿಸುಕುವುದು ಚರ್ಮಕ್ಕೆ ಸ್ಪಷ್ಟ ಗೊತ್ತಾಗುತ್ತದೆ.

ಹೆಚ್ಚಾಗಿ ಸಿಕ್ಕಿಬೀಳುವುದು ಶಾಕಿನ ಬುಷ್ಷು, ಅಂದರೆ ಶಾಕಿನ ಕಣ್ಣಿನೊಳಗಿನ ತೆಳು ಬಳೆ. ಇಲ್ಲಿನ ಸವೆತ ಎಷ್ಟು ಚಿಕ್ಕದಾದರೂ ಚಕ್ರದಲ್ಲಿ ದೊಡ್ಡದಾಗಿ ಕಾಣುವುದಕ್ಕೆ ಲೆಕ್ಕವಿದೆ. ಶಾಕಿನ ಸ್ಟ್ರೋಕ್ (ಕುಗ್ಗುವ ದೂರ) 55 ಮಿ.ಮೀ., ಹಿಂದಿನ ಚಕ್ರದ ಟ್ರಾವೆಲ್ (ಮೇಲೇಳುವ ದೂರ) 150 ಮಿ.ಮೀ. ಅನ್ನಿ. ಶಾಕು 1 ಮಿ.ಮೀ. ಚಲಿಸಿದರೆ ಚಕ್ರ ಸರಾಸರಿ 2.7 ಮಿ.ಮೀ. ಚಲಿಸುತ್ತದೆ. ಬುಷ್ಷಿನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೆ ಚಕ್ರದಲ್ಲಿ 1.3 ಮಿ.ಮೀ.ಗಿಂತ ಹೆಚ್ಚು. ಬೋಲ್ಟು ತೆಗೆದು ನೋಡಿದರೆ ಒಳಗಿನ ಪಿನ್ನು ಒಂದು ಪಕ್ಕ ಮಾತ್ರ ಸವೆದು ಹೊಳೆಯುತ್ತಿರುತ್ತದೆ, ಸುತ್ತ ಬೂದು ಪುಡಿ. ಬುಷ್ಷು ದುಬಾರಿ ಸಾಮಾನಲ್ಲ; ಶಾಕಿನ ಕಣ್ಣಿನ ಅಗಲ ಮತ್ತು ಬೋಲ್ಟಿನ ದಪ್ಪ ಅಳೆದು ಅದೇ ಅಳತೆಯದ್ದು ತರಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸುವ ಆಸೆ ಬೇಡ, ಒತ್ತಿ ಕೂರಿಸುವ ಟೂಲು ಬಳಸಿ.

ಪಿವಟ್ ಬೇರಿಂಗಿನ ಕಥೆ ಬೇರೆ. ಚಕ್ರದ ಹಬ್ಬಿನ ಬೇರಿಂಗು ಪೂರ್ತಿ ಸುತ್ತುತ್ತದೆ, ಗ್ರೀಸು ಎಲ್ಲ ಕಡೆ ಹರಡುತ್ತದೆ. ಪಿವಟ್ಟಿನ ಬೇರಿಂಗು ಕೆಲವೇ ಡಿಗ್ರಿ ಹಿಂದೆ ಮುಂದೆ ಆಡುತ್ತದೆ, ಅದೇ ಗುಂಡುಗಳು ಅದೇ ಜಾಗವನ್ನು ಒತ್ತಿ ಒತ್ತಿ ದಾರಿಯಲ್ಲಿ ಸಣ್ಣ ಗುಳಿ ಕೊರೆಯುತ್ತವೆ. ಇದನ್ನು ತಿಳಿಯಲು ಶಾಕಿನ ಒಂದು ತುದಿಯ ಬೋಲ್ಟು ತೆಗೆದು, ಚಕ್ರವನ್ನೂ ಕಳಚಿ, ಹಿಂದಿನ ತ್ರಿಕೋನವನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ. ತನ್ನ ಭಾರಕ್ಕೆ ತಾನೇ ನುಣ್ಣಗೆ ಇಳಿಯಬೇಕು. ಮಧ್ಯೆ ಎಲ್ಲಾದರೂ ತಡೆದರೆ, ಅಥವಾ ಬಿಟ್ಟ ಜಾಗದಲ್ಲೇ ಬಿಗಿದು ನಿಂತರೆ ಬೇರಿಂಗು ಹೋಗಿದೆ. ಇನ್ನು ಪಕ್ಕಕ್ಕೆ ಎಳೆದು ನೋಡಿ. ‘ಟಕ್’ ಅಂತ ಅಲುಗಿದರೆ ಬೋಲ್ಟು ಸಡಿಲ ಅಥವಾ ಬೇರಿಂಗು ಕೂರುವ ಗುಳಿಯೇ ಸವೆದಿದೆ. ಗುಳಿ ಸವೆದಿದ್ದರೆ ಹೊಸ ಬೇರಿಂಗು ಹಾಕಿದರೂ ನಿಲ್ಲುವುದಿಲ್ಲ. ಫ್ರೇಮು ಮಾಡಿದವರನ್ನೇ ಕೇಳಬೇಕು. ಹಿಂದಿನ ಕೊನೆಯಲ್ಲಿ ಪಿವಟ್ಟಿನ ಬದಲು ಕೊಳವೆಯೇ ಬಳುಕುವ ಫ್ಲೆಕ್ಸ್ ಸ್ಟೇ ಫ್ರೇಮಾದರೆ ಆಡಿಸುವಾಗ ಸ್ವಲ್ಪ ಸ್ಪ್ರಿಂಗಿನ ಎದುರೊತ್ತು ಇದ್ದೇ ಇರುತ್ತದೆ, ಗಾಬರಿಯಾಗಬೇಡಿ.

ಪಿವಟ್ ಬೋಲ್ಟಿನ ಬಿಗಿಯನ್ನು ಅಂದಾಜಿನ ಮೇಲೆ ಬಿಡಬಾರದು. ಪ್ರತಿ ಫ್ರೇಮಿಗೂ ಪ್ರತಿ ಪಿವಟ್ಟಿಗೂ ಅಂಕಿ ಬೇರೆ. ಬೋಲ್ಟಿನ ತಲೆಯ ಮೇಲೆ ಅಥವಾ ಕೈಪಿಡಿಯಲ್ಲಿ ಇರುತ್ತದೆ. ಕಡಿಮೆಯಾದರೆ ಸದ್ದು, ಜಾಸ್ತಿಯಾದರೆ ಬೇರಿಂಗನ್ನು ಪಕ್ಕದಿಂದ ಅದುಮಿ ಕೊಲ್ಲುತ್ತದೆ. ಮರೆಗೆ ನೀಲಿ ಥ್ರೆಡ್‌ಲಾಕರು, ಬೋಲ್ಟಿನ ನುಣುಪು ದಂಡಕ್ಕೆ ಗ್ರೀಸು. ಎರಡನ್ನೂ ಒಂದೇ ಕಡೆ ಸುರಿದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ. ಸದ್ದು ಬಂದಾಗಲೆಲ್ಲ ಪಿವಟ್ಟುಗಳ ಮೇಲೆ ಸ್ಪ್ರೇ ಎಣ್ಣೆ ಹೊಡೆಯುವ ಅಭ್ಯಾಸ ಅನೇಕರಿಗಿದೆ. ಒಂದು ಸವಾರಿ ಸದ್ದು ಅಡಗುತ್ತದೆ, ಎಣ್ಣೆ ಧೂಳು ಹಿಡಿದು ಅರೆಯುವ ಪೇಸ್ಟಾಗುತ್ತದೆ, ತೆಳು ಎಣ್ಣೆ ಗ್ರೀಸನ್ನೂ ಕರಗಿಸುತ್ತದೆ. ಅದೇ ಸ್ಪ್ರೇ ಹಾರಿ ಹಿಂದಿನ ರೋಟರಿಗೆ ಬಿದ್ದರೆ ಬ್ರೇಕ್ ಪ್ಯಾಡೂ ಕೆಟ್ಟು ಕೀರಲು ಶುರುವಾಗುತ್ತದೆ.

ಶಾಕಿನ ಒಳಗಿನ ಸದ್ದು, ಮತ್ತು ಒಂದು ಅಪಾಯ

ಶಾಕು ಕುಗ್ಗಿ ಹಿಗ್ಗುವಾಗ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಗ್ಗುವ ‘ಸುಯ್’ ಸದ್ದು ಸಹಜ. ಆದರೆ ‘ಪುಚಕ್ ಪುಚಕ್’ ಅನ್ನುವ ಹಸಿ ಸದ್ದು, ಜೊತೆಗೆ ಹಿಂತಿರುಗುವಾಗ ಸ್ವಲ್ಪ ದೂರ ಯಾವ ತಡೆಯೂ ಇಲ್ಲದೆ ಜಿಗಿದು ಆಮೇಲೆ ನಿಧಾನವಾದರೆ ಡ್ಯಾಂಪರಿನ (ಚಲನೆಯ ವೇಗ ತಡೆಯುವ ಭಾಗದ) ಎಣ್ಣೆಗೆ ಗಾಳಿ ಸೇರಿದೆ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ, ಸರ್ವಿಸಿಗೆ ಕೊಡಬೇಕು. ಹೊಳೆಯುವ ದಂಡದ ಮೇಲೆ ಎಣ್ಣೆಯ ತೆಳು ಪೊರೆ ಇದ್ದರೆ ಒಳ್ಳೆಯದೇ. ಹನಿಗಟ್ಟಿದ್ದರೆ ಸೀಲು ಹೋಗಿದೆ.

ಗಾಳಿ ಶಾಕು ಕುಗ್ಗಿದ್ದು ಕುಗ್ಗಿದ ಹಾಗೇ ಉಳಿದು, ಗಾಳಿ ತುಂಬಿದರೂ ಮೇಲೇಳದಿದ್ದರೆ ತಕ್ಷಣ ನಿಲ್ಲಿಸಿ. ಪಾಸಿಟಿವ್ ಮತ್ತು ನೆಗೆಟಿವ್ ಗಾಳಿಕೋಣೆಗಳ ನಡುವಿನ ಸೀಲು ಬಿಟ್ಟುಕೊಟ್ಟು, ನೆಗೆಟಿವ್ ಕೋಣೆಯಲ್ಲಿ ಭಾರೀ ಒತ್ತಡ ಸಿಕ್ಕಿಬಿದ್ದಿರಬಹುದು. ವಾಲ್ವಿನಿಂದ ಗಾಳಿ ಬಿಟ್ಟರೂ ಅದು ಹೊರಗೆ ಬರುವುದಿಲ್ಲ. ಈ ಸ್ಥಿತಿಯಲ್ಲಿ ಗಾಳಿ ಡಬ್ಬಿಯನ್ನು ತಿರುಗಿಸಿ ಬಿಚ್ಚಲು ಹೋದರೆ ಅದು ಸಿಡಿದು ಮುಖಕ್ಕೆ ಕೈಗೆ ಬಡಿಯಬಹುದು. ಬಿಚ್ಚಬೇಡಿ, ಎಳೆದು ಹಿಗ್ಗಿಸಲೂ ಹೋಗಬೇಡಿ. ಶಾಕ್ ಸರ್ವಿಸ್ ಮಾಡುವವರಿಗೆ ‘ಒಳಗೆ ಒತ್ತಡ ಸಿಕ್ಕಿಬಿದ್ದಿದೆ’ ಅಂತ ಮೊದಲೇ ಹೇಳಿ ಕೊಡಿ.

ಇದರಷ್ಟು ಗಂಭೀರವಲ್ಲದ ಇನ್ನೊಂದು ದೂರು: ‘ಗಾಳಿ ತುಂಬಿದ ಮೇಲೆ ಎರಡೇ ಸವಾರಿಯಲ್ಲಿ ಕಡಿಮೆಯಾಗಿದೆ’. ಸೋರಿಕೆ ಇರಬೇಕೆಂದೇನಿಲ್ಲ. ಪಂಪನ್ನು ಮತ್ತೆ ಜೋಡಿಸಿದಾಗ ಶಾಕಿನ ಗಾಳಿ ಪಂಪಿನ ಕೊಳವೆ ತುಂಬಲು ಹೋಗುವುದರಿಂದ ಮುಳ್ಳು ಕಡಿಮೆ ತೋರಿಸುತ್ತದೆ. ತೆಗೆಯುವಾಗ ‘ಪುಸ್’ ಅನ್ನುವುದು ಕೊಳವೆಯ ಗಾಳಿ, ಶಾಕಿನದ್ದಲ್ಲ. ಜೊತೆಗೆ, ತುಂಬಿದ ಗಾಳಿ ನೆಗೆಟಿವ್ ಕೋಣೆಗೂ ಹರಿಯಬೇಕು. 50 ಪಿಎಸ್‌ಐ ತುಂಬಿದಾಗಲೊಮ್ಮೆ ನಿಂತು, ಶಾಕನ್ನು ಕಾಲುಭಾಗ ಟ್ರಾವೆಲ್ ಹತ್ತು ಸಲ ನಿಧಾನವಾಗಿ ಅದುಮಿ, ಮತ್ತೆ ಅಳೆಯಿರಿ. ಹೀಗೆ ಮಾಡಿದ ಮೇಲೂ ರಾತ್ರಿ ಕಳೆಯುವಷ್ಟರಲ್ಲಿ ಇಳಿದರೆ ವಾಲ್ವಿನ ಬಾಯಿಗೆ, ಡಬ್ಬಿಯ ಸೀಲಿನ ಅಂಚಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ.

ಮುಂಭಾಗದ ಟಕ್ ಟಕ್

ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿದರೆ ಟಕ್ ಅನ್ನುತ್ತದೆ; ಎಲ್ಲರೂ ಹೆಡ್‌ಸೆಟ್ ಲೂಸು ಅನ್ನುತ್ತಾರೆ. ಅದೇ ಟಕ್ ಬ್ರೇಕ್ ಪ್ಯಾಡು ಕ್ಯಾಲಿಪರಿನೊಳಗೆ ಮಿಸುಕುವುದರಿಂದಲೂ ಬರುತ್ತದೆ, ಫೋರ್ಕಿನ ಬುಷ್ಷಿನಿಂದಲೂ ಬರುತ್ತದೆ. ಹ್ಯಾಂಡಲ್ಲನ್ನು 90 ಡಿಗ್ರಿ ತಿರುಗಿಸಿ, ಬ್ರೇಕು ಬಿಟ್ಟು, ಚಕ್ರ ಅಡ್ಡವಿರುವಾಗಲೇ ತಳ್ಳಿ ನೋಡಿ: ಬ್ರೇಕ್ ಪ್ಯಾಡಿನ ಮಾತು ಅಲ್ಲಿಗೆ ಮುಗಿಯಿತು. ಹೆಡ್ ಟ್ಯೂಬಿನ ಕೆಳಗಿನ ಸಂದಿಗೆ ಬೆರಳಿಟ್ಟಾಗ ಅಲುಗಾಟ ಸಿಕ್ಕರೆ ಹೆಡ್‌ಸೆಟ್ಟು. ಫೋರ್ಕಿನ ಧೂಳಿನ ಸೀಲೂ ಹೊಳೆಯುವ ಕಾಲೂ ಸೇರುವಲ್ಲಿ ಸಿಕ್ಕರೆ ಬುಷ್ಷು. ಹೆಡ್‌ಸೆಟ್ಟಾದರೆ ಸ್ಟೆಮ್ಮಿನ (ಹ್ಯಾಂಡಲ್ಲನ್ನು ಹಿಡಿದಿರುವ ಭಾಗದ) ಪಕ್ಕದ ಎರಡು ಬೋಲ್ಟು ಸಡಿಲಿಸಿದ ಮೇಲೆಯೇ ಮೇಲಿನ ಟೋಪಿಯ ಬೋಲ್ಟು ಬಿಗಿಯಬೇಕು. ಸ್ಟೆಮ್ಮು ಬಿಗಿಯಾಗಿರುವಾಗ ಟೋಪಿಯನ್ನು ಎಷ್ಟು ತಿರುಗಿಸಿದರೂ ಪ್ರಯೋಜನವಿಲ್ಲ. ಆಮೇಲೆ ಸ್ಟೆಮ್ಮಿನ ಮೇಲೆ ಬರೆದ ಅಂಕಿಗೆ ಬಿಗಿ.

ಅಲುಗಾಟವೇ ಇಲ್ಲ, ಆದರೆ ಬ್ರೇಕು ಹಿಡಿದು ಕಡಿದಾದ ಕಲ್ಲು ಇಳಿಯುವಾಗ ಹೆಡ್ ಟ್ಯೂಬಿನ ಹತ್ತಿರ ‘ಕಿರ್ರ್’ ಅಂದರೆ ಫೋರ್ಕಿನ ಕ್ರೌನಿಗೆ (ಎರಡು ಕಾಲು ಸೇರುವ ಮೇಲ್ಭಾಗಕ್ಕೆ) ಸ್ಟೀರರ್ ಕೊಳವೆಯನ್ನು ಒತ್ತಿ ಕೂರಿಸಿದ ಕೀಲನ್ನು ಅನುಮಾನಿಸಿ. ಕಾರ್ಯಾಗಾರದವರು ಸಿಎಸ್‌ಯು ಅಂತ ಕರೆಯುವ ಭಾಗ ಇದು. ಗ್ರೀಸಿಗೆ ಬಗ್ಗುವ ಸದ್ದಲ್ಲ. ಆ ಇಡೀ ಮೇಲಿನ ಭಾಗವನ್ನೇ ಬದಲಿಸಬೇಕು. ವಾರಂಟಿ ಇದ್ದರೆ ಮೊದಲು ಅದನ್ನು ಕೇಳಿ. ಅಂಟು ಸುರಿದು ಸರಿಮಾಡುವ ಉಪಾಯಗಳನ್ನು ನಾನಂತೂ ಒಪ್ಪುವುದಿಲ್ಲ, ಹಲ್ಲು ಮುಖ ನಂಬಿರುವ ಕೀಲು ಅದು.

ಸದ್ದಿಲ್ಲದ ದೋಷಗಳು

ಕೆಲವೊಮ್ಮೆ ದೂರು ಸದ್ದಿನದ್ದಲ್ಲ, ನಡೆಯದ್ದು. ಯಾವುದನ್ನೂ ಕೆಟ್ಟಿದೆ ಅನ್ನುವ ಮೊದಲು ಸ್ಯಾಗ್ ಅಳೆಯಿರಿ, ಅಂದರೆ ಸವಾರಿಯ ಬಟ್ಟೆ ಚೀಲ ಸಮೇತ ಸೈಕಲ್ ಮೇಲೆ ನಿಂತಾಗ ಸಸ್ಪೆನ್ಷನ್ ಎಷ್ಟು ಕುಗ್ಗುತ್ತದೆ ಅನ್ನುವುದನ್ನು. ಟ್ರೇಲ್ ಸೈಕಲ್ಲಿಗೆ ಹಿಂದೆ 25ರಿಂದ 30, ಮುಂದೆ 15ರಿಂದ 20 ಪ್ರತಿಶತ ಸಾಮಾನ್ಯ. 55 ಮಿ.ಮೀ. ಶಾಕಿನಲ್ಲಿ 30 ಪ್ರತಿಶತ ಅಂದರೆ ರಬ್ಬರ್ ಉಂಗುರ 16.5 ಮಿ.ಮೀ. ಸರಿಯಬೇಕು. ಏರಿನಲ್ಲಿ ತೂಗುತ್ತದೆ, ಪೆಡಲು ಕಲ್ಲಿಗೆ ಬಡಿಯುತ್ತದೆ ಅನ್ನುವವರ ಸ್ಯಾಗ್ ಅಳೆದರೆ ಬಹಳ ಸಲ 35 ದಾಟಿರುತ್ತದೆ.

ಸಾಲುಸಾಲು ಬೇರುಗಳ ಮೇಲೆ ಹೋದಂತೆ ಹಿಂಬದಿ ಕುಸಿಯುತ್ತ ಗಟ್ಟಿಯಾಗುತ್ತ ಹೋದರೆ ರಿಬೌಂಡ್ (ಕುಗ್ಗಿದ್ದು ಹಿಂತಿರುಗುವುದು) ತೀರಾ ನಿಧಾನವಿದೆ, ಒಂದು ಉಬ್ಬಿನಿಂದ ಎದ್ದೇಳುವ ಮೊದಲೇ ಇನ್ನೊಂದು ಬರುತ್ತಿದೆ. ಕುದುರೆ ಒದ್ದ ಹಾಗೆ ಸೀಟು ಮೇಲೆ ಎಸೆದರೆ ಅದೇ ರಿಬೌಂಡ್ ತೀರಾ ವೇಗ. ಒಂದೊಂದೇ ಕ್ಲಿಕ್ ಬದಲಿಸಿ. ಮೃದುವಾದ ಫೋರ್ಕು ದಿನದಿಂದ ದಿನಕ್ಕೆ ಒರಟಾಗುತ್ತ ಬಂದರೆ ಅದು ಸೆಟ್ಟಿಂಗಿನ ವಿಷಯವಲ್ಲ, ಕೆಳಕಾಲಿನ ಎಣ್ಣೆ ಒಣಗಿದೆ ಅಥವಾ ಕೊಳೆತಿದೆ. ರಾಕ್‌ಶಾಕ್ಸ್ ಕಂಪನಿ ಕೆಳಕಾಲಿನ ಸರ್ವಿಸನ್ನು 50 ಗಂಟೆ ಸವಾರಿಗೊಮ್ಮೆ ಹೇಳುತ್ತದೆ, ಫಾಕ್ಸ್ 125 ಗಂಟೆ ಅಥವಾ ವರ್ಷಕ್ಕೊಮ್ಮೆ. ಗಂಟೆ ಅಂದರೆ ಓಡಿಸಿದ ಗಂಟೆ. ವಾರಕ್ಕೆ ನಾಲ್ಕು ಗಂಟೆ ಓಡಿಸುವವರಿಗೆ 50 ಗಂಟೆ ಮೂರು ತಿಂಗಳಲ್ಲಿ ಮುಗಿಯುತ್ತದೆ.

ಪೂರ್ತಿ ಕುಗ್ಗಿದಾಗ ಮಾತ್ರ ಹೊರಬರುವ ದೋಷಗಳೂ ಇವೆ. ಶಾಕಿನ ಗಾಳಿ ಪೂರ್ತಿ ಬಿಟ್ಟು ಹಿಂಬದಿಯನ್ನು ತಳ ಮುಟ್ಟುವವರೆಗೆ ಅದುಮಿ. ಟೈರು ಸೀಟ್ ಟ್ಯೂಬಿಗೋ ಇಳಿಸಿದ ಸೀಟಿಗೋ ತಾಗುತ್ತಿದೆಯೇ ನೋಡಿ. ಹೆಚ್ಚಿನ ಫ್ರೇಮುಗಳಲ್ಲಿ ಹಿಂದಿನ ಆಕ್ಸಲ್ಲು ಕುಗ್ಗುವಾಗ ಕ್ರ್ಯಾಂಕಿನಿಂದ ಸ್ವಲ್ಪ ದೂರ ಸರಿಯುತ್ತದೆ. ಹಿಂದಿನ ಅತಿ ದೊಡ್ಡ ಗೇರಿನಲ್ಲಿಟ್ಟು ಅದುಮಿದಾಗ ಡಿರೇಲರ್ ಪೂರ್ತಿ ಚಾಚಿ ಚೈನು ತಂತಿಯಂತೆ ಬಿಗಿದರೆ ಚೈನು ಗಿಡ್ಡವಾಗಿದೆ. ಎತ್ತರದಿಂದ ಇಳಿದ ದಿನ ಹ್ಯಾಂಗರು, ಡಿರೇಲರು ಎರಡೂ ಒಟ್ಟಿಗೆ ಕೈಗೆ ಬರುತ್ತವೆ.

ಎಲ್ಲ ಕೀಲೂ ಸರಿಯಿದ್ದು ಸದ್ದು ಉಳಿದಿದ್ದರೆ

ಆಗ ಫ್ರೇಮಿನ ಬಿರುಕು. ಒಣ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಪಕ್ಕದಿಂದ ಬೀಳುವ ಹಾಗೆ ಹಿಡಿದು ನೋಡಿ: ಹೆಡ್ ಟ್ಯೂಬಿನ ಕೆಳ ಬೆಸುಗೆ, ಸೀಟ್ ಟ್ಯೂಬಿಗೆ ಮೇಲಿನ ಕೊಳವೆ ಸೇರುವ ಮೂಲೆ, ಮೇನ್ ಪಿವಟ್ಟಿನ ಸುತ್ತ, ಚೈನ್‌ಸ್ಟೇಗಳ ಅಡ್ಡಪಟ್ಟಿ, ಶಾಕು ಕೂರುವ ಕಿವಿಗಳು. ಬಣ್ಣದ ಮೇಲಿನ ಕೂದಲೆಳೆ ಗೆರೆ ಬರೀ ಬಣ್ಣದ್ದೂ ಇರಬಹುದು. ಗೆರೆಯ ಎರಡು ತುದಿಗೂ ಪೆನ್ಸಿಲಿನಿಂದ ಗುರುತು ಹಾಕಿ, ಯಾರಾದರೂ ಹಿಂಬದಿ ಅದುಮುವಾಗ ದಿಟ್ಟಿಸಿ; ಗೆರೆ ಬಾಯಿಬಿಟ್ಟು ಮುಚ್ಚಿದರೆ, ಒಳಗಿಂದ ಧೂಳು ಅಥವಾ ನೀರು ಜಿನುಗಿದರೆ ಬಿರುಕೇ. ಅದನ್ನು ‘ಇನ್ನೊಂದು ಸವಾರಿ ನೋಡೋಣ’ ಅಂತ ಮುಂದೂಡುವ ಹಾಗಿಲ್ಲ. ಗೆರೆ ಅನುಮಾನವಾಗಿಯೇ ಉಳಿದರೂ ತಿಳಿದವರಿಗೆ ತೋರಿಸುವವರೆಗೆ ಸೈಕಲ್ಲು ನಿಂತಿರಲಿ.

ಕಾರ್ಯಾಗಾರಕ್ಕೆ ಕೊಡುವುದೇ ಆದರೆ ‘ಸದ್ದು ಬರುತ್ತೆ, ನೋಡಿ’ ಅಂದು ಬಿಟ್ಟು ಬರಬೇಡಿ. ಸ್ಟ್ಯಾಂಡಿಗೆ ಏರಿಸಿದ ಸೈಕಲ್ಲಿನ ಮೇಲೆ ಭಾರವಿರುವುದಿಲ್ಲ, ಸದ್ದೂ ಬರುವುದಿಲ್ಲ, ಮೆಕ್ಯಾನಿಕ್ಕು ಊಹೆಯ ಮೇಲೆ ಬಾಟಮ್ ಬ್ರಾಕೆಟ್ ಬದಲಿಸುತ್ತಾನೆ. ಒಂದು ಚೀಟಿ ಬರೆದುಕೊಡಿ: ನಿಂತಾಗ ಬರುತ್ತದೆ, ಕುಂತಾಗಲೂ ಬರುತ್ತದೆ, ಪೆಡಲಿಲ್ಲದೆ ಕುಣಿಸಿದರೆ ಬರುವುದಿಲ್ಲ, ಬಲಗಾಲಿಗೆ ಒಂದು ಸಲ, ಗೇರು ಬದಲಿಸಿದರೂ ತಾಳ ಬದಲಾಗುವುದಿಲ್ಲ, ಪೆಡಲು, ಆಕ್ಸಲ್ಲು, ಹ್ಯಾಂಗರು ಬಿಚ್ಚಿ ಗ್ರೀಸು ಹಚ್ಚಿ ಆಗಿದೆ. ಇಷ್ಟು ಬರೆದಿದ್ದರೆ ಅವರ ಕೈ ನೇರ ಚೈನ್‌ರಿಂಗಿನ ಬೋಲ್ಟಿಗೇ ಹೋಗುತ್ತದೆ.